ಎಂಟು ಡಿಗ್ರಿ ಹೆಚ್ಚು

ವಿಭಾಗದಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಪಿಎಚ್.ಡಿ.ಗೆ ಸೇರಿ ಏಳು ವರ್ಷ. ಹಿಂದೆ ಬಂದವರೆಲ್ಲ ಮುಂದೆ ಹೋಗಿ ಡಾಕ್ಟರ್ ಆಗಿದ್ದರು, ಇವಳು ಮಾತ್ರ ಕಿಟಕಿ ಪಕ್ಕದ ಅದೇ ಮೇಜಿಗೆ ಅಂಟಿಕೊಂಡಿದ್ದಳು. ಕಾಲೇಜಿನ ಗೆಳೆಯರ ವಾಟ್ಸಾಪ್ ಗುಂಪು ಟಿಣ್ ಎಂದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು. ಒಬ್ಬ ಕಂಪನಿಯಲ್ಲಿ ಮ್ಯಾನೇಜರ್ ಆದ, ಒಬ್ಬಳು ಸ್ವಂತ ಕ್ಲಿನಿಕ್ ತೆರೆದಳು. ಮೊನ್ನೆ ಇನ್ನೊಬ್ಬಳು, ಇವಳ ಪಕ್ಕದ ಬೆಂಚಿನವಳು, ಮಗಳು ಶಾಲೆಗೆ ಸೇರಿದ ಫೋಟೊ ಹಾಕಿದ್ದಳು: ನೀಲಿ ಗೇಟಿನ ಮುಂದೆ ಹಲ್ಲು ಬಿದ್ದ ಪುಟ್ಟಿ. ಎಲ್ಲದಕ್ಕೂ ಒಂದು ಲೈಕ್ ಒತ್ತಿ ಫೋನನ್ನು ಬೋರಲು ಹಾಕುವುದು ಇವಳ ರೂಢಿ.

"ಈ ಸಲನಾದ್ರೂ ಮುಗಿಯುತ್ತೇನೇ?" ಎಂದು ಅಮ್ಮ ಕೇಳಿದ್ದಳು.

"ಗುರುವಾರ ಕೊನೇ ಸೆಮಿನಾರಮ್ಮ. ಸಮಿತಿಯವರು ಒಪ್ಪಿದ್ರೆ ಮುಗೀತು."

ಆ ಸಮಿತಿಗೆ ಹೊಸದಾಗಿ ಬಂದ ಪ್ರೊಫೆಸರ್ ಯಾರೆಂದು ತಿಳಿದಾಗ ಆ ಹೆಸರನ್ನು ಎರಡು ಸಲ ಓದಿದಳು. ಬಾಲಂಗೋಚಿ! ಕಾಲೇಜಿನಲ್ಲಿ ಅವಳ ಪ್ರಯೋಗದ ರೆಕಾರ್ಡು ನಕಲು ಮಾಡಲು ಹಿಂದೆಯೇ ಅಲೆಯುತ್ತಿದ್ದ ಪುಣ್ಯಾತ್ಮ. ಈಗ ಅವನ ಕೋಣೆಯ ಬಾಗಿಲಿಗೆ ಹೆಸರಿನ ಫಲಕ.

"ಅರೆ, ನೀನಿನ್ನೂ ಇಲ್ಲೇ ಇದೀಯಾ?" ಎಂದ, ಮೆಟ್ಟಿಲ ಬಳಿ ಸಿಕ್ಕಾಗ. ಕೂಡಲೇ ನಾಲಿಗೆ ಕಚ್ಚಿಕೊಂಡ. "ಅಂದ್ರೆ... ನಿನ್ನ ಪ್ರಬಂಧ ಓದ್ತಾ ಇದೀನಿ."

ಅವಳ ಕೆಲಸ ಊರಿನ ನಲವತ್ತೆರಡು ಶಾಲೆಗಳ ನಲ್ಲಿ ನೀರಿನ ಮೇಲೆ. ನೀರನ್ನು ಗಾಜಿನ ತಟ್ಟೆಗೆ ಹಾಕಿ, ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆಯಲ್ಲಿ ಮೂವತ್ತೇಳು ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ, ರೋಗಾಣುಗಳಿದ್ದಲ್ಲಿ ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಮೂವತ್ತೆಂಟು ಶಾಲೆಗಳ ತಟ್ಟೆ ಖಾಲಿಯಾಗಿತ್ತು. ಅಲ್ಲಿನ ನೀರು ಶುದ್ಧ ಎಂದು ನಾಲ್ಕನೇ ಅಧ್ಯಾಯದಲ್ಲಿ ಪಟ್ಟಿ ಹಾಕಿದ್ದಳು.

ಸೋಮವಾರ ಯಾರೋ ಕಿರಿಯರ ತಟ್ಟೆಗಳು ಒಣಗಿಹೋದವೆಂದು ಆ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದಳು. ಹೊರಗಿನ ಅಂಕಿ ಮೂವತ್ತೇಳು. ಒಳಗಿನ ಪಾದರಸ ನಲವತ್ತೈದು. ಆ ಬಿಸಿಗೆ ರೋಗಾಣು ತಲೆಯೆತ್ತುವುದೇ ಕಷ್ಟ.

ರಿಪೇರಿಯ ಹಳೆಯ ಚೀಟಿ ಹುಡುಕಿದಳು. ಪೆಟ್ಟಿಗೆ ಕೆಟ್ಟು ಸರಿಮಾಡಿಸಿದ್ದು ಎರಡು ವರ್ಷದ ಹಿಂದೆ. ಅವಳು ತನ್ನ ತಟ್ಟೆಗಳನ್ನೆಲ್ಲ ಅದರಲ್ಲಿ ಇಟ್ಟದ್ದು ಆ ರಿಪೇರಿಯ ಮರುವಾರದಿಂದ. ಥರ್ಮಾಮೀಟರ್ ಒರೆಸಿ ಡ್ರಾಯರಿಗೆ ಸೇರಿಸಿದಳು. ಯಾರಿಗೂ ಹೇಳಲಿಲ್ಲ.

ಮೂರು ದಿನ ಅದೇ ಲೆಕ್ಕ. ಬಾಯಿಬಿಟ್ಟರೆ ಎಂಟನೇ ವರ್ಷ. ಬಿಡದಿದ್ದರೆ ಡಾಕ್ಟರ್. ಯಾರಾದರೂ ಹಿಂದಿನಿಂದ "ದೊಡ್ಡಕ್ಕಾ" ಎಂದರೆ ಬೆಚ್ಚಿಬೀಳುತ್ತಿದ್ದಳು. ಬಾಲಂಗೋಚಿ ಕಂಡುಹಿಡಿದುಬಿಟ್ಟರೆ? ಗುಂಪಿನಲ್ಲಿ ಸುದ್ದಿ ಹರಡಿದರೆ? ಏಳು ವರ್ಷ ಕೂತು ಕೊನೆಗೆ ಸುಳ್ಳು ಬರೆದಳಂತೆ ಎಂದರೆ?

ಗುರುವಾರ ಸೆಮಿನಾರಿನಲ್ಲಿ ಯಾರೂ ಕಂಡುಹಿಡಿಯಲಿಲ್ಲ. ಅವಳ ಗೈಡ್ ಮೇಡಂ ತೃಪ್ತಿಯಿಂದ ತಲೆದೂಗಿದರು. ಬಾಲಂಗೋಚಿಯಂತೂ ಹೊಗಳಿ ಅಟ್ಟಕ್ಕೇರಿಸಿದ.

"ನಾಲ್ಕನೇ ಅಧ್ಯಾಯ ಅದ್ಭುತ. ಈ ಪಟ್ಟೀನ ನಾಳೆನೇ ನೀರು ಸರಬರಾಜು ಕಚೇರಿಗೆ ಕಳಿಸ್ತೀನಿ. ಮೂವತ್ತೆಂಟು ಶಾಲೇಲಿ ಪದೇ ಪದೇ ಪರೀಕ್ಷೆ ಮಾಡೋದು ತಪ್ಪುತ್ತೆ."

ಪರದೆಯ ಮೇಲೆ ಪಟ್ಟಿ ಹಾಗೇ ಇತ್ತು. ಹತ್ತೊಂಬತ್ತನೇ ಸಾಲು ಆ ಫೋಟೊದ ನೀಲಿ ಗೇಟಿನ ಶಾಲೆ. ಅವಳೇ ಹೋಗಿ ನೀರು ಹಿಡಿದು ತಂದಿದ್ದ ಶಾಲೆ.

"ಕಳಿಸ್ಬೇಡ," ಎಂದಳು. ದನಿ ತನ್ನದಲ್ಲವೆನಿಸಿತು. "ಪಟ್ಟಿ ತಪ್ಪು. ಪೆಟ್ಟಿಗೆ ಎಂಟು ಡಿಗ್ರಿ ಹೆಚ್ಚು ಓಡ್ತಿತ್ತು."

ಮೇಡಂ ಕನ್ನಡಕ ತೆಗೆದರು. "ಯಾವಾಗ ಗೊತ್ತಾಯ್ತು?"

"ಸೋಮವಾರ."

"ಇವತ್ತು ಗುರುವಾರ."

ಮೇಡಂ ಕಡತ ಮುಚ್ಚಿ ಹೊರನಡೆದರು. ಒಂದು ವಾರ ಅವಳೊಡನೆ ಮಾತಾಡಲಿಲ್ಲ.

ಕಾರಿಡಾರಿನಲ್ಲಿ ಗೋಡೆಗೆ ಒರಗಿ ಪಕ್ಕದ ಬೆಂಚಿನವಳಿಗೆ ಫೋನ್ ಮಾಡಿದಳು.

"ಏನೇ, ಡಾಕ್ಟರಮ್ಮ ಆದ್ಯಾ?"

"ಇಲ್ಲ ಕಣೆ. ಮಗಳಿಗೆ ಮನೆಯಿಂದ್ಲೇ ಕಾಯಿಸಿದ ನೀರು ಕಳ್ಸು. ಯಾಕೆ ಅಂತ ಆಮೇಲೆ ಹೇಳ್ತೀನಿ."

ಫೋನಿಟ್ಟು ತಿರುಗಿದರೆ ಬಾಲಂಗೋಚಿ. ಮುಖ ಕಪ್ಪಿಟ್ಟಿತ್ತು. "ಎರಡು ಸಲ ಓದಿದೀನಿ, ನಂಗೂ ಹೊಳೀಲಿಲ್ಲ. ಕಳಿಸಿಬಿಡ್ತಿದ್ದೆ." ಜೇಬಿನಿಂದ ಕೀಲಿ ತೆಗೆದು ಅವಳ ಕೈಗಿಟ್ಟ. "ನನ್ನ ಲ್ಯಾಬಿನ ಪೆಟ್ಟಿಗೆ ಹೊಸದು, ತಗೋ. ಆದ್ರೆ ಒಳಗೆ ಥರ್ಮಾಮೀಟರ್ ಇಟ್ಟು ನೋಡ್ಕೋ. ನನ್ನ ಮಾತು ನಂಬಬೇಡ."

ನಲವತ್ತೆರಡೂ ಶಾಲೆಗಳನ್ನು ಮತ್ತೆ ಸುತ್ತಿದಳು. ಐದು ತಿಂಗಳು, ಪ್ರತಿ ಸಲವೂ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ನೋಡಿ. ಶುದ್ಧ ಎಂದು ಬರೆದವುಗಳಲ್ಲಿ ಹನ್ನೊಂದು ಶಾಲೆಯ ನೀರು ಕೆಟ್ಟಿತ್ತು. ನೀಲಿ ಗೇಟಿನದೂ ಅದರಲ್ಲಿತ್ತು. ಕಚೇರಿಯವರು ಎರಡು ಬೀದಿಯ ಕೊಳವೆ ಅಗೆದು ಹೊಸದು ಹಾಕಿದರು. ಉಳಿದ ಶಾಲೆಗಳ ನೀರಿಗೆ ಕ್ಲೋರಿನ್ ಬಿಟ್ಟರು.

ಪ್ರಬಂಧವನ್ನು ಅವಳು ಒಪ್ಪಿಸಿದ್ದು ಮರುವರ್ಷ. ನಾಲ್ಕನೇ ಅಧ್ಯಾಯದಲ್ಲಿ ಹಳೆಯ ಪಟ್ಟಿಯೂ ಇದೆ, ಅದು ಹೇಗೆ ತಪ್ಪಾಯಿತೆಂಬ ಎರಡು ಪುಟವೂ ಇದೆ. ಆ ಎರಡು ಪುಟ ಬರೆಯಲು ಅವಳಿಗೆ ಒಂದು ತಿಂಗಳು ಹಿಡಿಯಿತು. ಮೇಡಂ ಅದನ್ನು ಓದಿ, ಒಂದು ಅಲ್ಪವಿರಾಮ ತಿದ್ದಿ, ಸಹಿ ಹಾಕಿಕೊಟ್ಟರು.