ಸಾವಂತ್ರಮ್ಮನ ಹೆಪ್ಪು

ಒಂದೂರಿನಲ್ಲಿ ಮೊಸರಿನ ಹೆಪ್ಪನ್ನು ಕಾಪಾಡಿಕೊಳ್ಳುವ ಉಸಾಬರಿಗೆ ಯಾರೂ ಹೋಗುತ್ತಿರಲಿಲ್ಲ. ಸಾವಂತ್ರಮ್ಮ ಒಬ್ಬಳು ಇದ್ದಳಲ್ಲ, ಮತ್ಯಾಕೆ? ಸಂಜೆಯಾದರೆ ಸಾಕು, ಲೋಟ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಹೆಪ್ಪು ಕೇಳಿದವರಿಗೆ ಇಲ್ಲವೆನ್ನಬಾರದು, ಆದರೆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಕೊಡಬಾರದು. ಇದು ಆ ಊರಿನ ಕಟ್ಟಳೆ.

ಆ ಹೆಪ್ಪನ್ನು ಅವಳು ಮದುವೆಯಾಗಿ ಬರುವಾಗ ತವರಿನಿಂದ ತಂದಿದ್ದಳು. ಕೊಂಚ ಹುಳಿ. ಊಟದ ಕೊನೆಗೆ ಆ ಮೊಸರು ಕಲಸಿಕೊಂಡರೆ ಅವಳಿಗೆ ತೀರಿಹೋದ ಅಮ್ಮನ ಪಕ್ಕದಲ್ಲಿ ಕೂತಂತಾಗುತ್ತಿತ್ತು.

ಆದರೆ ಊರೆಂದ ಮೇಲೆ ಹತ್ತು ನಾಲಿಗೆ. ಪಟೇಲರ ಮನೆಗೆ ಸಿಹಿ ಬೇಕು, ಮೇಷ್ಟರ ಮನೆಗೆ ಇನ್ನಷ್ಟು ಹುಳಿ ಬೇಕು, ಮನೆಯಲ್ಲಿ ಅವಳ ಅತ್ತೆಗೆ ಕಲ್ಲಿನಂತೆ ಗಟ್ಟಿಯಿರಬೇಕು. ಸಾವಂತ್ರಮ್ಮ ಪಾಪ, ಒಬ್ಬರ ಪಾಲಿಗೆ ಹಾಲು ಬೆರೆಸಿದಳು, ಒಬ್ಬರ ಪಾಲಿಗೆ ನಿಂಬೆ ಹಿಂಡಿದಳು. ಎಲ್ಲರೂ ಅವಳನ್ನು ಹೊಗಳಿದರು, ಎದುರುಮನೆಯ ಕೆಂಚಮ್ಮಜ್ಜಿಯನ್ನು ಬಿಟ್ಟು. ಅಜ್ಜಿ ಹೆಪ್ಪು ಒಯ್ದದ್ದು ಒಂದೇ ಸಲ, ಸಾವಂತ್ರಮ್ಮ ಹೊಸ ಸೊಸೆಯಾಗಿದ್ದಾಗ. ಆಮೇಲೆ ಕಂಡಾಗಲೆಲ್ಲ ಒಂದೇ ಮಾತು: "ಅದೇನು ಹುಳಿನೇ ನಿಂದು!" ಸಾವಂತ್ರಮ್ಮ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದುದು ಈ ಅಜ್ಜಿಗೆ.

ಒಂದು ಸಂಜೆ ಕೇಳುವವರು ಹೆಚ್ಚಾದರು. ಅವರವರ ರುಚಿಗೆ ಹದಮಾಡಿ ಕೊಡುವ ಗಡಿಬಿಡಿಯಲ್ಲಿ ಸಾವಂತ್ರಮ್ಮ ತನಗೆಂದು ತೆಗೆದಿಡುವುದನ್ನೇ ಮರೆತಳು. ಮಡಕೆ ತೊಳೆದು ಬೋರಲು ಹಾಕಿದ ಮೇಲೆ ನೆನಪಾಯಿತು.

ಓಡಿದಳು. ಪಟೇಲರ ಮನೆಯವರು, "ದೀಪ ಹಚ್ಚಾಯ್ತಲ್ಲಮ್ಮ," ಎಂದರು. ಮೇಷ್ಟರ ಹೆಂಡತಿಯೂ ಅದನ್ನೇ ಹೇಳಿದಳು. ಕೊಟ್ಟಿದ್ದರೂ ಏನು ಬಂತು, ಅಲ್ಲಿದ್ದದ್ದು ಹಾಲು ಮತ್ತು ನಿಂಬೆ ಬೆರೆತ ಹೆಪ್ಪು. ಅಮ್ಮನದು ಎಲ್ಲೂ ಉಳಿದಿರಲಿಲ್ಲ. ಅವಳು ಬೀದಿಯಲ್ಲೇ ನಿಂತು ಅತ್ತಳು.

ಕತ್ತಲಾಗಿದ್ದ ಒಂದು ಮನೆಯಿಂದ ಕೂಗು ಬಂತು. "ಎಷ್ಟು ಹೊತ್ತೇ ಕಾಯ್ಲಿ? ನೀನು ಮನೆಮನೆ ಅಲೆಯೋದು ನೋಡಿ ದೀಪ ಹಚ್ಚದೆ ಕೂತಿದೀನಿ. ಬೇಗ ತಗೊಂಡು ಹೋಗು."

ಕೆಂಚಮ್ಮಜ್ಜಿ ತಡವರಿಸಿಕೊಂಡು ಬಂದು ಕುಡಿಕೆ ಕೈಗಿಟ್ಟಳು. ಸಾವಂತ್ರಮ್ಮ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಅಮ್ಮನ ಮನೆಯದೇ ಹುಳಿ.

"ಅವತ್ತು ಒಯ್ದದ್ದನ್ನ ಇನ್ನೂ ಇಟ್ಕೊಂಡಿದೀರಾ ಅಜ್ಜಿ? ಹುಳಿ ಅಂತ ಬೈತಿದ್ರಲ್ಲ!"

"ಹುಳಿ ಇತ್ತು, ಬೈದೆ. ಬದಲಾಯಿಸು ಅಂದಿದ್ನಾ?"

ಸಾವಂತ್ರಮ್ಮ ಅಜ್ಜಿಯ ಕಾಲಿಗೆ ಬಿದ್ದಳು. ಆ ಋಣ ಎಷ್ಟು ದೊಡ್ಡದೆಂದು ಬಾಯಿಬಿಟ್ಟು ಹೇಳಲು ಹೋದರೆ ಅಜ್ಜಿ, "ಏಳು, ದೀಪ ಹಚ್ಚಬೇಕು," ಎಂದು ಗದರಿದಳು.

ಮರುದಿನ ಸಂಜೆ ಸಾವಂತ್ರಮ್ಮ ಮೊದಲು ತನ್ನ ಪಾಲು ತೆಗೆದಿಟ್ಟಳು. ಆಮೇಲೆ ಬಂದವರಿಗೆಲ್ಲ ಅದೇ ಮಡಕೆಯಿಂದ, ಏನೂ ಬೆರೆಸದೆ, ಕೊಟ್ಟಳು. ಆ ಹೆಪ್ಪಿನಿಂದಾದ ಮೊಸರು ತಿಂದು ಪಟೇಲರ ಮನೆಯವರು ಇಂಥ ಸಿಹಿ ಹಿಂದೆಂದೂ ಇರಲಿಲ್ಲವೆಂದರು. ಮೇಷ್ಟರ ಹೆಂಡತಿ, ಹುಳಿ ಈಗ ಹದಕ್ಕೆ ಬಂತು ಎಂದಳು. ಅತ್ತೆಯೂ ಗಟ್ಟಿಯಾಗಿದೆ ಎಂದು ಎರಡು ಸಲ ಬಡಿಸಿಕೊಂಡರು.

ಕೆಂಚಮ್ಮಜ್ಜಿ ಮಾತ್ರ ಜಗಲಿಯ ಮುಂದೆ ಹಾದುಹೋಗುತ್ತ, "ಅದೇನು ಹುಳಿನೇ ನಿಂದು!" ಎಂದಳು.

"ಹೌದಜ್ಜಿ," ಎಂದಳು ಸಾವಂತ್ರಮ್ಮ, "ನಾಳೇನೂ ಹೇಳಿ."