ರುದ್ರಾಣಮ್ಮನವರ ಎಂಟಡಿ ಮುಖ

ಒಂದೊಂದು ಕಣ್ಣೂ ಊಟದ ತಟ್ಟೆಯಷ್ಟು ದೊಡ್ಡದಾಗಿತ್ತು. ಹಣೆಯ ಸುಕ್ಕುಗಳನ್ನು ಬರೆಯಲು ನಾನು ಏಣಿ ಹತ್ತಬೇಕಾಗಿತ್ತು. ದೊಡ್ಡ ಮುಖಗಳನ್ನು ಬರೆಯುವುದೇ ನನ್ನ ಕಸುಬು. ಹೆಂಗಸಿಗೆ ಯಾಕಪ್ಪಾ ಇಷ್ಟು ದೊಡ್ಡ ಚಿತ್ರ ಎಂದು ಮೂಗು ಮುರಿಯುವವರ ನಡುವೆಯೇ ಕೈ ಪಳಗಿಸಿಕೊಂಡವಳು ನಾನು. ಆದರೂ ರುದ್ರಾಣಮ್ಮನವರ ಮುಖದಷ್ಟು ಮನಸ್ಸಿಟ್ಟು ಬೇರೆ ಯಾವುದನ್ನೂ ಬರೆದಿರಲಿಲ್ಲ. ಅದಕ್ಕೇ ಆ ದಿನದ ಸಿಟ್ಟು ಇನ್ನೂ ಇಳಿದಿಲ್ಲ.

ರುದ್ರಾಣಮ್ಮ ನಮ್ಮೂರಿನ ಹೊಲಿಗೆ ಶಾಲೆಯನ್ನು ಕಟ್ಟಿದವರು. ಗಂಡ ಬಿಟ್ಟವರಿಗೆ, ಓದು ನಿಂತ ಹುಡುಗಿಯರಿಗೆ ಬಟ್ಟೆ ಕತ್ತರಿಸುವುದನ್ನು ಕಲಿಸಿ ಅನ್ನದ ದಾರಿ ತೋರಿಸಿದವರು. ಶಾಲೆಯ ಹಾಲ್‌ನ ಕೊನೆಯ ಗೋಡೆಯಲ್ಲಿ ಅವರ ಕೋಣೆಯ ಬಾಗಿಲು. ಒಳಗೆ ಬಟ್ಟೆ ಕತ್ತರಿಸಲು ಒಂದು ಉದ್ದನೆಯ ಮೇಜು. ಆ ಮೇಜಿನ ಪಾಠಕ್ಕೆ ಫೀಸು ಇರಲಿಲ್ಲ. ಅದು ಆಡಳಿತ ಮಂಡಳಿಯವರ ಕಣ್ಣಿಗೆ ಚುಚ್ಚುತ್ತಿತ್ತೆಂದು ನನಗೆ ತಿಳಿದದ್ದು ಆಮೇಲೆ.

ಮಂಡಳಿಯ ಕಾರ್ಯದರ್ಶಿ ಪಂಚಾಕ್ಷರಯ್ಯ ನನ್ನ ಮನೆಗೇ ಬಂದು ಕೈಮುಗಿದರು.

"ಅಮ್ಮಾವ್ರ ಚಿತ್ರ ಹಾಲ್‌ನಲ್ಲಿ ಹಾಕ್ಬೇಕು ಮೇಡಂ. ಎತ್ತರ ಎಂಟಡಿ, ಅಗಲ ಐದಡಿ. ಒಂದಿಂಚೂ ಕಮ್ಮಿ ಆಗ್ಬಾರ್ದು. ಚೌಕಟ್ಟು ಬೇಡ, ಕ್ಯಾನ್ವಾಸ್ ಹಾಗೇ ಕೊಡಿ. ನಾವೇ ಮೊಳೆ ಹೊಡೆಸ್ತೀವಿ."

ಎಷ್ಟು ದೊಡ್ಡ ಮನಸ್ಸು ಎಂದು ನಾನು ಹಿರಿಹಿರಿ ಹಿಗ್ಗಿದೆ. ರುದ್ರಾಣಮ್ಮ ಮಾತ್ರ ನನ್ನೆದುರು ಕೂತಾಗಲೆಲ್ಲ ರೇಗಿಸುತ್ತಿದ್ದರು: "ಇಷ್ಟು ದೊಡ್ಡ ಮುಖ ಹೊತ್ಕೊಂಡು ನಾನು ಯಾವ ಬಸ್ಸು ಹತ್ಲೇ?"

ಅನಾವರಣದ ದಿನ ಪರದೆ ಸರಿಯಿತು, ಚಪ್ಪಾಳೆ ಬಿತ್ತು. ತಟ್ಟೆಯಗಲದ ಆ ಕಣ್ಣುಗಳು ಇಡೀ ಹಾಲನ್ನೇ ನೋಡುತ್ತಿದ್ದವು. ಮುಂದಿನ ಸಾಲಿನಲ್ಲಿ ಸನ್ಮಾನದ ಶಾಲು ಹೊದ್ದು ಕೂತಿದ್ದ ರುದ್ರಾಣಮ್ಮ ಮುಖವನ್ನು ನೋಡಲಿಲ್ಲ, ಅಂಚುಗಳನ್ನು ನೋಡಿದರು. ಸುತ್ತಲೂ ಮರದ ಪಟ್ಟಿಯಿಟ್ಟು ಬಿಗಿಯಾಗಿ ಮೊಳೆ ಹೊಡೆದಿದ್ದರು.

"ಪಂಚಾಕ್ಷರಯ್ಯ, ನನ್ನ ಬಾಗಿಲೆಲ್ಲಿ?"

"ಅಮ್ಮಾ, ನಿಮಗೂ ವಯಸ್ಸಾಯ್ತು. ಆ ಕೋಣೆಗೆ ಬೀದಿ ಕಡೆ ಬಾಗಿಲು ಒಡೆಸಿ ರೆಡಿಮೇಡ್ ಅಂಗಡಿಗೆ ಬಾಡಿಗೆ ಕೊಡೋದು ಅಂತ ತೀರ್ಮಾನ ಆಗಿದೆ." ಅವರು ನಗುತ್ತ ಚಿತ್ರದ ಕಡೆ ಕೈ ತೋರಿಸಿದರು. "ನೀವು ಇನ್ಮೇಲೆ ಇಲ್ಲಿಂದ ಎಲ್ಲರ್ನೂ ನೋಡ್ಕೊಂಡಿರಿ."

ನನ್ನ ಮೈಯೆಲ್ಲ ಉರಿದುಹೋಯಿತು. ಎಂಟಡಿ, ಐದಡಿ! ಅದು ಬಾಗಿಲಿನ ಅಳತೆ. ಒಬ್ಬ ಹೆಂಗಸನ್ನು ಹೊರಗೆ ಹಾಕಲು ಅವಳದೇ ಮುಖವನ್ನು ಬಳಸುವ ಹೊಲಸು ಬುದ್ಧಿ ಇವರಿಗೆ ಎಲ್ಲಿಂದ ಬಂತು?

"ನಾಚಿಕೆ ಆಗಲ್ವೇನ್ರೀ ನಿಮಗೆ? ಕೀಳಿಸಿ ಅದನ್ನ!" ಎಂದು ಕಿರುಚಿದೆ.

"ಚಿತ್ರ ಕೊಟ್ಟಾಯ್ತಲ್ಲ ಮೇಡಂ, ಇನ್ನು ಅದು ಮಂಡಳೀದು. ಕೂತ್ಕೊಳ್ಳಿ."

ರುದ್ರಾಣಮ್ಮ ಎದ್ದು ಶಾಲನ್ನು ಕುರ್ಚಿಯ ಮೇಲೆ ಬಿಸಾಡಿದರು. ಪಕ್ಕದ ಹೊಲಿಗೆ ಯಂತ್ರದ ಮೇಲಿದ್ದ ದೊಡ್ಡ ಕತ್ತರಿ ಎತ್ತಿಕೊಂಡು ನನ್ನ ಕಡೆ ತಿರುಗಿದರು.

"ನಿನ್ನ ಕೆಲಸ ಕಣೇ ಇದು. ನೀನು ಬೇಡ ಅಂದ್ರೆ ಬಿಡ್ತೀನಿ."

ತಿಂಗಳುಗಟ್ಟಲೆ ಬರೆದ ಮುಖ ಅದು. ಅದಕ್ಕಿಂತ ಒಳ್ಳೆಯದನ್ನು ಮುಂದೆಂದೂ ಬರೆಯಲಾರೆನೆಂದು ನನಗೆ ಆಗಲೇ ಗೊತ್ತಿತ್ತು.

"ಕತ್ತರಿಸಿ ಅಮ್ಮಾ," ಎಂದೆ.

ಅವರು ಎರಡು ಹುಬ್ಬುಗಳ ನಡುವೆ ಕತ್ತರಿ ಚುಚ್ಚಿ, ಮೂಗು, ತುಟಿ, ಗದ್ದ ಎಲ್ಲವನ್ನೂ ಸೀಳುತ್ತ ನೆಲದವರೆಗೆ ನೇರವಾಗಿ ತಂದರು. ಒಂದು ನೂಲೂ ಓರೆಯಾಗಲಿಲ್ಲ. ಸೊಂಟದಿಂದ ಬೀಗದಕೈ ತೆಗೆದು ಬಾಗಿಲು ತಳ್ಳಿದರು.

"ಬರ್ರೇ, ಪಾಠಕ್ಕೆ ಹೊತ್ತಾಯ್ತು."

ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಅವರ ಹಿಂದೆ ಹೋದರು. ಊರವರೆಲ್ಲ ನೋಡುತ್ತಿದ್ದುದರಿಂದ ಪಂಚಾಕ್ಷರಯ್ಯನವರಿಗೆ ತಡೆಯುವ ಧೈರ್ಯ ಬರಲಿಲ್ಲ. ಕೋಣೆಯನ್ನು ಬಾಡಿಗೆಗೆ ಕೊಡುವ ಮಾತೂ ಅಲ್ಲಿಗೇ ನಿಂತಿತು.

ಆಮೇಲೆ ನನಗೆ ಹೆಸರು ಬಂತು. ನಾನು ಬರೆದ ಮುಖಗಳು ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ತೂಗಿದವು. ಯಾರು ಅಳತೆ ಹೇಳಿದರೂ ನಾನು ಮೊದಲು ಹೋಗಿ ಗೋಡೆ ನೋಡುತ್ತೇನೆ. ದುರಹಂಕಾರಿ ಎನ್ನುತ್ತಾರೆ, ಅನ್ನಲಿ. ಸೀಳನ್ನು ಕೂಡಿಸಿಕೊಟ್ಟರೆ ಆ ಚಿತ್ರವನ್ನು ಮಂಡಳಿಯಿಂದ ಕೊಳ್ಳುತ್ತೇವೆಂದು ಬಂದ ದೊಡ್ಡ ಮನುಷ್ಯರನ್ನು ಬೈದು ಓಡಿಸಿದ್ದೇನೆ.

ರುದ್ರಾಣಮ್ಮ ಈಗಿಲ್ಲ. ಚಿತ್ರ ಅಲ್ಲೇ ಇದೆ. ಬೆಳಿಗ್ಗೆ ಹುಡುಗಿಯರು ಅವರ ಎಡಗೆನ್ನೆಯನ್ನು ಕೈಯಿಂದ ಸರಿಸಿ ಒಳಗೆ ಹೋಗಿ, ಮೇಜಿನ ಮೇಲೆ ಬಟ್ಟೆ ಹರಡುತ್ತಾರೆ.