ಅದೆಲ್ಮೊನ ಕೆಂಪು

೧೯೩೪ರ ಆಗಸ್ಟ್ ಎಂಟರಂದು ನಾನು ಅಂಗಳದಲ್ಲಿ ಟೊಮೆಟೊ ಒಣಗಿಸುತ್ತಿದ್ದೆ. ಪೊಲೀಸಿನವನು ಬಂದು ಟೋಪಿ ತೆಗೆದ. ಅವನು ಯಾರ ಮುಂದೆಯೂ ಟೋಪಿ ತೆಗೆದವನಲ್ಲ. ಹಾಗಾಗಿ ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ನನ್ನ ತಮ್ಮ ಅದೆಲ್ಮೊ ಜೈಲಿನಲ್ಲಿ ಎದೆರೋಗದಿಂದ ತೀರಿಕೊಂಡಿದ್ದ.

ಇಟಲಿಯ ಪೋ ನದಿಯ ಬಯಲಿನ ನಮ್ಮೂರಿನಲ್ಲಿ ಅದೆಲ್ಮೊ ಬೂಟು ಹೊಲಿಯುತ್ತಿದ್ದ. ಸಮಾಜವಾದಿ. ದೇವರಿಲ್ಲ ಎನ್ನುತ್ತಿದ್ದ, ಅದನ್ನೂ ದೇವರಾಣೆ ಹಾಕಿಯೇ ಹೇಳುತ್ತಿದ್ದ. ಊರಿನ ಫ್ಯಾಸಿಸ್ಟ್ ಪಕ್ಷದ ಕಾರ್ಯದರ್ಶಿ ಗಾಂದೊಲ್ಫಿಗೆ ಬೀದಿಯ ಆಚೆ ತುದಿಯಿಂದಲೇ ಕಿರುಗುಟ್ಟುವ ಬೂಟು ಹೊಲಿದುಕೊಟ್ಟವನು ಅವನೇ. ಜೈಲಿಗೆ ಹೋದದ್ದು ಮಾತ್ರ ಕರಪತ್ರ ಹಂಚಿದ್ದಕ್ಕೆ.

ಕೊನೆಯ ಭೇಟಿಯಲ್ಲಿ ಅವನು ಹೇಳಿದ್ದ: "ಅಕ್ಕಾ, ನೀನು ಪಾದ್ರಿನ ಕರ್ಕೊಂಡು ಬಂದೇ ಬರ್ತೀಯ. ಬರ್ಲಿ ಬಿಡು. ಆದ್ರೆ ನನ್ನ ಸುತ್ತ ಕರಿ ಬಟ್ಟೆ ಬೇಡ. ಕರಿ ಅಂಗಿಯ ಫ್ಯಾಸಿಸ್ಟರನ್ನ ನೋಡಿ ನೋಡಿ ಸಾಕಾಗಿದೆ. ಕೆಂಪು ಇರ್ಬೇಕು."

"ಆಯ್ತು ಕಣೋ" ಎಂದು ಮಾತು ಕೊಟ್ಟಿದ್ದೆ. ಹೇಗೆಂದು ಯೋಚಿಸಿರಲಿಲ್ಲ.

ಅಂದು ಸಂಜೆ ಮೊದಲು ಬೂಟು ಕೇಳಿಸಿತು, ಆಮೇಲೆ ಗಾಂದೊಲ್ಫಿ ಬಂದ.

"ನೋಡಮ್ಮ ಎರ್ಮೆಲಿಂಡಾ, ಕೆಂಪು ಹೂ ಬೇಡ, ಕೆಂಪು ಕರ್ಚೀಫ್ ಬೇಡ. ಹೆಣದ ಹತ್ರ ಒಂದು ಟೊಮೆಟೊ ಕಂಡ್ರೂ ಒಳಗೆ ಹಾಕ್ತೀನಿ."

"ಟೊಮೆಟೊನಾ, ನನ್ನನ್ನಾ?"

"ಇಬ್ರನ್ನೂ! ಹತ್ತನೇ ತಾರೀಖು ಬೆಳಿಗ್ಗೆ ಮುಗಿಸ್ಬಿಡು. ಸಂತ ಲೊರೆನ್ಸೊ ಹಬ್ಬದ ಗದ್ದಲದಲ್ಲಿ ನಿನ್ನ ತಮ್ಮನ್ನ ಯಾರೂ ಕೇಳಲ್ಲ."

ತನ್ನ ಜಾಣತನಕ್ಕೆ ತಾನೇ ಮೀಸೆ ತಿರುವಿಕೊಂಡು ಹೋದ. ಸರ್ಕಾರ ಪೋಪರೊಂದಿಗೆ ರಾಜಿಯಾದ ಮೇಲಷ್ಟೇ ಚರ್ಚಿನ ಮೆಟ್ಟಿಲು ಹತ್ತಿದವನು. ಪೂಜೆಯ ಕ್ರಮ ಅವನಿಗೆಲ್ಲಿ ಗೊತ್ತು?

ನಾನು ಕ್ವಿಂತೊ ಪಾದ್ರಿಗಳ ಬಳಿ ಹೋದೆ.

"ಹತ್ತನೇ ತಾರೀಖಾ?" ಅವರು ಕನ್ನಡಕ ಏರಿಸಿದರು. "ಅವತ್ತು ಊರ ಸಂತರ ದಿನ. ಸತ್ತವರ ಪೂಜೆಗೆ, ಅದರ ಕರಿ ಬಟ್ಟೆಗೆ ಅಪ್ಪಣೆ ಇಲ್ಲಮ್ಮ. ಹಬ್ಬದ ಪೂಜೆಯನ್ನೇ ಮಾಡ್ಬೇಕು. ಹುತಾತ್ಮರ ಹಬ್ಬ, ಎಲ್ಲ ಕೆಂಪೇ."

"ಹೌದಾ ಸ್ವಾಮಿ? ಮರೆತೇ ಹೋಗಿತ್ತು."

"ನಲವತ್ತು ವರ್ಷದಿಂದ ನನ್ನ ಪೂಜೆ ಬಟ್ಟೆಗೆ ಇಸ್ತ್ರಿ ಹಾಕೋಳು ಮರೆತ್ಯಾ?"

"ವಯಸ್ಸಾಯ್ತು, ಸ್ವಾಮಿ."

"ಈ ಸುಳ್ಳಿಗೆ ಶನಿವಾರ ಪಾಪನಿವೇದನೆಗೆ ಬಾ" ಎಂದು ನಗು ನುಂಗಿದರು.

ಹತ್ತರಂದು ಚರ್ಚಿನ ಕಂಬ ಕಂಬಕ್ಕೂ ಕೆಂಪು ರೇಷ್ಮೆ ಸುತ್ತಿತ್ತು. ಪೀಠ ಕೆಂಪು, ಪಾದ್ರಿಗಳು ಕೆಂಪು. ನಡುವೆ ನನ್ನ ತಮ್ಮನ ಪೆಟ್ಟಿಗೆ. ಹಬ್ಬವಾದ್ದರಿಂದ ಊರಿಗೆ ಊರೇ ಅಲ್ಲಿತ್ತು. ಮುಂದಿನ ಸಾಲಿನಲ್ಲಿ ಕರಿ ಅಂಗಿ ತೊಟ್ಟ ಗಾಂದೊಲ್ಫಿಯ ಮುಖವೂ ನಿಧಾನವಾಗಿ ಕೆಂಪಾಯಿತು.

"ಇದೇನು ಪಾದ್ರಿಗಳೇ? ತೆಗೆಸಿ ಇದನ್ನ!"

"ಸಂತರ ಬಣ್ಣ, ಸಾಹೇಬ್ರೆ. ಅವರನ್ನ ಒಂದ್ಸಲ ಕೆಂಡದ ಮೇಲೆ ಸುಟ್ಟಾಗಿದೆ. ನೀವು ಇನ್ನೇನು ಮಾಡ್ತೀರಿ?"

"ತಾರೀಖು ತಾವೇ ಕೊಟ್ಟಿದ್ದಲ್ವಾ ಸಾಹೇಬ್ರೆ?" ಎಂದೆ ನಾನು.

ಹಿಂದೆ ಯಾರೋ ಕೆಮ್ಮಿದರು. ಆಮೇಲೆ ಚರ್ಚಿಗೆ ಚರ್ಚೇ ಕೆಮ್ಮಿತು.

ಅಷ್ಟೂ ಜನ ಸ್ಮಶಾನದವರೆಗೆ ನಡೆದರು. ಅಲ್ಲಿಗೆ ಕರಿ ನಿಲುವಂಗಿ ತೊಟ್ಟು ಬರಬೇಕಾಗಿದ್ದ ಪಾದ್ರಿಗಳು ಕೆಂಪಿನಲ್ಲೇ ಬಂದಿದ್ದರು. ಮರೆತರಂತೆ.

ಮಣ್ಣು ಬೀಳುವ ಸದ್ದಿಗೆ ನನ್ನ ನಗುವೆಲ್ಲ ಇಂಗಿತು. ಕೊಟ್ಟ ಮಾತು ನಡೆಸಿದ್ದೆ. ತಮ್ಮ ಮಾತ್ರ ಇರಲಿಲ್ಲ. ಮೊಣಕಾಲೂರಿದೆ.

ದೇವರೇ, ಇವನು ನಿನ್ನನ್ನು ನಂಬಲಿಲ್ಲ. ನಿನ್ನ ಬಡವರನ್ನು ನಂಬಿದ. ಬಂದ ಕೂಡಲೇ ನಿನ್ನೊಂದಿಗೆ ವಾದಕ್ಕಿಳಿದರೆ ಕೋಪಿಸಿಕೊಳ್ಳಬೇಡ. ದಣಿದ ಆ ಎದೆಗೆ ಉಸಿರು ಕೊಡು, ಅವನ ಆತ್ಮಕ್ಕೆ ಶಾಂತಿ ಕೊಡು. ಆಮೆನ್.